ಕಡೀ ನುಡಿ ತನಕ

ನಮ್ಮೂರ ಹಣಮಪ್ಪನ ಗುಡಿ ಕಟ್ಟೆ ಮೇಲೆ ಸಂಜೆ ಏಳರ ನಂತರ ಬಂದು ಕೂತರೆ ಸಾಕು. ಯಾವ ಹೊಸ ಹಾಡು ಬಂದಿದೆ, ಯಾವುದು ಓಡುತ್ತದೆ, ಯಾವುದು ಮೂರೇ ದಿನಕ್ಕೆ ಮಲಗುತ್ತದೆ ಅನ್ನೋದು ಗೊತ್ತಾಗಿಬಿಡುತ್ತದೆ. ನಾವು ನಾಲ್ಕು ಮಂದಿ ಗೆಳೆಯರು. ಒಬ್ಬ ಟ್ರ್ಯಾಕ್ಟರ್ ಓಡಿಸುತ್ತಾನೆ, ಒಬ್ಬನದು ಮೊಬೈಲ್ ರಿಪೇರಿ ಅಂಗಡಿ, ಒಬ್ಬ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ, ಇನ್ನೊಬ್ಬ ಇದನ್ನು ಬರೆಯುತ್ತಿರುವ, ಜಿಲ್ಲೆಯ ಸುದ್ದಿ ಕಳಿಸುವ ಸ್ಟ್ರಿಂಗರ್. ಹೊಸ ಆಲ್ಬಮ್ ಬಂತೆಂದರೆ ತೀರ್ಪು ಕೊಡೋದು ನಮ್ಮ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ, ನಾವೇ ಹಿಡಿದುಕೊಂಡದ್ದು.

ನಮ್ಮದು ಗದಗ ಜಿಲ್ಲೆ. ವೀರೇಶ್ವರ ಪುಣ್ಯಾಶ್ರಮ ಇರುವ ಜಿಲ್ಲೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ನೆಲ. ಇಲ್ಲಿ ಹುಟ್ಟಿದ ಮೇಲೆ ನಮಗೂ ಹಾಡು ಕೇಳುವ ಕಿವಿ ಇದೆ ಅನ್ನೋ ಹಮ್ಮು ನಮ್ಮ ನಾಲ್ವರಿಗೂ ಇತ್ತು. ಆ ಹಮ್ಮು ಹೋದ ಬಗೆಯನ್ನೇ ಇಲ್ಲಿ ಹೇಳಬೇಕಾಗಿದೆ.

ಹಾಡಿನ ಬಗ್ಗೆ ಜಗಳ ಆಡೋದು ನಮ್ಮಿಂದ ಶುರುವಾದದ್ದಲ್ಲ. 1987ರಲ್ಲಿ 'ಪ್ರೇಮಲೋಕ' ಬಂದಾಗ ನಾವಿನ್ನೂ ಹುಟ್ಟಿರಲಿಲ್ಲ. ಆದರೆ ಆ ಕ್ಯಾಸೆಟ್ ಇದೇ ಕಟ್ಟೆಯನ್ನು ಎರಡು ಭಾಗ ಮಾಡಿತ್ತಂತೆ. ಹಂಸಲೇಖ ಬರೆದ ಸಾಲುಗಳು ಕಾಲೇಜು ಹುಡುಗರ ಮಾತಿನ ಹಾಗೇ ಇದ್ದವು. 'ಇದು ಹಾಡೋ, ಮಾತೋ' ಎಂದು ಹಿರಿಯರು, 'ನಮ್ಮ ಮಾತ ಹಾಡಾಗೇತಿ, ಅದಕ್ಕ ಚಂದ ಐತಿ' ಎಂದು ಹರೆಯದವರು. ದೊಡ್ಡಪ್ಪ ಇವತ್ತಿಗೂ ಆ ಜಗಳ ಹೇಳುವಾಗ ದನಿ ಏರಿಸುತ್ತಾರೆ.

ನಮ್ಮ ಸರದಿ ಬಂದದ್ದು 'ಮುಂಗಾರು ಮಳೆ' ಕಾಲಕ್ಕೆ. ಸಿನಿಮಾ ಬಂದದ್ದು 2006ರ ಡಿಸೆಂಬರ್ ಕೊನೆಗೆ. ನಾವಾಗ ಪಿಯುಸಿ. ನಾಲ್ವರೂ ದುಡ್ಡು ಕೂಡಿಸಿ ತಾಲ್ಲೂಕಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಿಂದ ಕ್ಯಾಸೆಟ್ ತಂದೆವು. ಒಂದು ವಾರ ಒಬ್ಬರ ಮನೆ, ಮುಂದಿನ ವಾರ ಇನ್ನೊಬ್ಬರ ಮನೆ. ಸೋನು ನಿಗಮ್ ಹಾಡಿದ ಆ ಹಾಡನ್ನು ತಿರುಗಿಸಿ ತಿರುಗಿಸಿ ಕೇಳಿ ಟೇಪ್ ರೆಕಾರ್ಡರ್ ಸುರುಳಿ ನುಂಗಿತ್ತು. ಪೆನ್ಸಿಲ್ ಹಾಕಿ ಸುತ್ತಿ ಸರಿ ಮಾಡಿದೆವು. ದುಡ್ಡು ಕೊಟ್ಟು ತಂದದ್ದು. ಚಲೋ ಇರಲಿ, ಇಲ್ಲದಿರಲಿ, ಎರಡೂ ಕಡೆ ಪೂರ್ತಿ ಕೇಳದೆ ಬಿಡುತ್ತಿರಲಿಲ್ಲ. ಮೊದಲ ದಿನ ಬೇಡವೆನಿಸಿದ ಹಾಡು ಹತ್ತನೇ ದಿನ ಬಾಯಿಗೆ ಬರುತ್ತಿತ್ತು.

ಕ್ಯಾಸೆಟ್ ಡಬ್ಬಿಯೊಳಗೆ ಮಡಚಿಟ್ಟ ಒಂದು ಕಾಗದ ಇರುತ್ತಿತ್ತು, ನೆನಪಿದೆಯಲ್ಲ? ಯಾವ ಹಾಡು, ಯಾರು ಬರೆದದ್ದು, ಯಾರು ಹಾಡಿದ್ದು, ಸಂಗೀತ ಯಾರದ್ದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಜಯಂತ ಕಾಯ್ಕಿಣಿ ಅನ್ನೋ ಹೆಸರು ನಮಗೆ ಸಿಕ್ಕದ್ದು ಆ ಕಾಗದದಲ್ಲಿ. ಅವರು ಕತೆಗಾರರು, ಗೋಕರ್ಣದವರು ಎಂದು ಕನ್ನಡ ಮೇಷ್ಟ್ರು ಹೇಳಿದ ಮೇಲೆ ಕಾಲೇಜು ಲೈಬ್ರರಿಗೆ ಹೋಗಿ ಅವರ ಕಥಾಸಂಕಲನ ಹುಡುಕಿದೆವು. ಹಾಡಿನಿಂದ ಪುಸ್ತಕಕ್ಕೆ ಹೋದದ್ದು ಆ ಮಡಚಿದ ಕಾಗದದ ದಾರಿಯಲ್ಲಿ.

ಆಮೇಲೆ ಮೆಮೊರಿ ಕಾರ್ಡ್ ಬಂತು. ಇಪ್ಪತ್ತು ರೂಪಾಯಿ ಕೊಟ್ಟರೆ ಅಂಗಡಿಯವ ಕಾರ್ಡ್ ತುಂಬ ಹಾಡು ಹಾಕಿ ಕೊಡುತ್ತಿದ್ದ. ನೂರು, ಇನ್ನೂರು ಹಾಡು. ದೊಡ್ಡ ಸ್ಪೀಕರಿನ ಚೀನಾ ಮೊಬೈಲು ಜೇಬಿನಲ್ಲಿ ಕೂಗುತ್ತಿದ್ದವು. ಹಾಡಿಗೆ ಬರ ಇರಲಿಲ್ಲ. ಆದರೆ ಪರದೆಯ ಮೇಲೆ ಬರುತ್ತಿದ್ದದ್ದು 'ಟ್ರ್ಯಾಕ್ 01', 'ಟ್ರ್ಯಾಕ್ 02'. ಬರೆದವರ ಹೆಸರು ಹೋಯಿತು, ಸಂಗೀತ ಮಾಡಿದವರ ಹೆಸರೂ ಹೋಯಿತು. ಕದ್ದ ಹಾಡು ಎಂದು ನಮಗೆ ಅನಿಸಲೂ ಇಲ್ಲ. ಹೆಸರಿಲ್ಲದ ಮಾಲಿಗೆ ಮಾಲೀಕ ಯಾರು?

ಈಗ ಹಾಡು ಬರಲು ಕಾರ್ಡೂ ಬೇಡ. 2023ರಲ್ಲಿ 'ಸಪ್ತ ಸಾಗರದಾಚೆ ಎಲ್ಲೋ' ಎರಡು ಭಾಗವಾಗಿ ಬಂತು. ಸೆಪ್ಟೆಂಬರ್ ಒಂದಕ್ಕೆ 'ಸೈಡ್ ಎ', ನವೆಂಬರ್ ಹದಿನೇಳಕ್ಕೆ 'ಸೈಡ್ ಬಿ'. ಹಾಗೆಂದರೇನು ಎಂದು ಹೈಸ್ಕೂಲು ಹುಡುಗರು ನಮ್ಮನ್ನು ಕೇಳಿದರು. ಕ್ಯಾಸೆಟ್ಟಿಗೆ ಎರಡು ಮಗ್ಗಲು ಇರುತ್ತಿದ್ದವು ಎಂದು ಹೇಳಿಕೊಡಬೇಕಾಯಿತು. ಚರಣ್ ರಾಜ್ ಸಂಗೀತ ಮೊದಲ ಸಲ ಕೇಳಿ ಟ್ರ್ಯಾಕ್ಟರ್ ಗೆಳೆಯ 'ಬಾಳ ಸಾವಕಾಶ ಐತಿ, ನಿದ್ದಿ ಬರತೈತಿ' ಅಂದಿದ್ದ. ಕಡಲೆ ರಾಶಿಯ ಹೊತ್ತಿಗೆ ರಾತ್ರಿ ಹೊಲ ಕಾಯುವಾಗ ಅದನ್ನೇ ಹಚ್ಚಿಕೊಂಡು ಕೂತಿದ್ದ. ಕೇಳಿದರೆ, 'ರಾತ್ರಿ ಕೇಳೂ ಹಾಡು ಅದು, ಹಗಲಿ ಕೇಳಿದ್ದ ತಪ್ಪಾತು' ಅಂದ. ಒಂದೇ ಹಾಡು, ಒಬ್ಬನೇ ಮನುಷ್ಯ, ಎರಡು ಅಭಿಪ್ರಾಯ. ನಡುವೆ ಮೂರ್ನಾಲ್ಕು ತಿಂಗಳು.

ಇಷ್ಟು ಗೊತ್ತಿದ್ದೂ ನಾವು ಎಡವಿದೆವು.

ನಮ್ಮ ಕಡೆ ಜಾತ್ರೆ ದಿನಗಳಲ್ಲಿ ಜಾನಪದ ಆಲ್ಬಮ್‌ಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಹಾಡೋರು ಅಕ್ಕಪಕ್ಕದ ಊರವರೇ. ಯೂಟ್ಯೂಬಿಗೆ ಬಂದ ದಿನವೇ ಟ್ರ್ಯಾಕ್ಟರ್‌ಗಳ ಮೇಲೆ ಬಾರಿಸುತ್ತವೆ. ಎರಡು ವರ್ಷದ ಹಿಂದೆ ಹಾಗೆ ಐದು ಹಾಡಿನ ಆಲ್ಬಮ್ ಒಂದು ಬಂತು. ಮೊದಲ ಹಾಡು ಜಾತ್ರೆಯಲ್ಲಿ ಬಳೆ ಕೊಡಿಸುವ ಮಾತಿನದು. ಮೊದಲ ನಿಮಿಷ ಬರೀ ಡಿಜೆ. ಪಲ್ಲವಿ ಮುಗಿಯುವ ಮುಂಚೆಯೇ ನಮ್ಮ ತೀರ್ಪು ತಯಾರು. ಊರಿನ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದೆವು: 'ಅದ ಡಿಜೆ, ಅದ ಹುಡುಗಿ, ಅದ ಬಳಿ. ಬರದಾವ್ಗ ಬ್ಯಾರೆ ಉದ್ಯೋಗ ಇಲ್ಲೇನು?' ನಗುವ ಮುಖಗಳು ಸಾಲಾಗಿ ಬಂದವು. ನಮಗೂ ಹಿಗ್ಗು.

ಮರುದಿನ ಸಂಜೆ ಕಟ್ಟೆಗೆ ಕಾಕಾ ಬಂದರು. ನಮ್ಮೂರ ಭಜನಾ ಮೇಳದಲ್ಲಿ ಹಾರ್ಮೋನಿಯಂ ಬಾರಿಸುವವರು. ಹೆಚ್ಚು ಮಾತಿನವರಲ್ಲ. ಕೂತು, ಎಲೆ ಅಡಿಕೆ ಹಾಕಿಕೊಂಡು ಕೇಳಿದರು.

'ಆ ಬಳಿ ಹಾಡು ಪೂರಾ ಕೇಳಿದ್ರೇನ್ರಪಾ?'

'ಕೇಳಿವ್ರಿ ಕಾಕಾ' ಅಂದೆವು. ಸುಳ್ಳು.

'ಕಡೀ ನುಡಿ?'

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕಾಕಾ ಏನೂ ಅನ್ನಲಿಲ್ಲ. ಎದ್ದು ಹೋದರು. ಆಮೇಲೆ ಹಾಡು ಹಚ್ಚಿದೆವು. ನಾಲ್ಕು ನುಡಿ, ಐದೂವರೆ ನಿಮಿಷ. ಎರಡನೇ ನುಡಿಗೆ ಮಳೆ ಕೈಕೊಡುತ್ತದೆ. ಮೂರನೇ ನುಡಿಗೆ ಜೋಡೆತ್ತು ಸಂತೆಗೆ ಹೋಗುತ್ತವೆ, ಅವನು ದುಡಿಯಲು ಗೋವಾಕ್ಕೆ ಹೋಗುತ್ತಾನೆ. ಬಳೆಯ ಮಾತು ಮಾತಾಗಿಯೇ ಉಳಿಯುತ್ತದೆ. ಕಡೇ ನುಡಿಯಲ್ಲಿ ನಮ್ಮೂರಿನ ಹೆಸರು. ಅದರ ಬೆನ್ನಿಗೆ ಕಾಕಾನ ಹೆಸರು.

ಕಾಕಾ ಎತ್ತು ಮಾರಿದ್ದು ನಮಗೆ ಗೊತ್ತಿತ್ತು. ಅವರ ಮಗ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋದದ್ದೂ ಗೊತ್ತಿತ್ತು. ಹಾಡು ಬರೆದದ್ದು ಮಾತ್ರ ಗೊತ್ತಿರಲಿಲ್ಲ.

ನಮ್ಮ ಕಡೆಯ ಹಾಡುಗಳಲ್ಲಿ ಬರೆದವರ ಹೆಸರು ಕೊನೆಗೆ ಬರುತ್ತದೆ. ಶರೀಫಜ್ಜನ ತತ್ವಪದ ಕೇಳಿ, 'ಶಿಶುನಾಳಧೀಶ' ಅನ್ನೋ ಅಂಕಿತ ಬರೋದು ಪದ ಮುಗಿಯುವ ಹೊತ್ತಿಗೆ. ಡೊಳ್ಳಿನ ಪದ, ಮೊಹರಂ ಪದ, ಲಾವಣಿ, ಎಲ್ಲದರಲ್ಲೂ ಊರ ಹೆಸರು, ಕವಿ ಹೆಸರು ಕಡೇ ನುಡಿಗೆ. ಅಚ್ಚು, ಡಬ್ಬಿ, ಕಾಗದ ಏನೂ ಇಲ್ಲದ ಕಾಲದಲ್ಲಿ ಹೆಸರು ಉಳಿಸಿಕೊಳ್ಳಲು ಹಿರಿಯರು ಕಂಡುಕೊಂಡ ದಾರಿ ಅದು. ಪೂರ್ತಿ ಕೇಳಿದವರಿಗೆ ಹೆಸರು ಸಿಗುತ್ತದೆ. ಅರ್ಧಕ್ಕೆ ಎದ್ದವರಿಗೆ ಸಿಗೋದಿಲ್ಲ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ನಾವೂ ಅಷ್ಟೇ ಲೆಕ್ಕ ಇಟ್ಟುಕೊಂಡಿದ್ದೆವು.

ಅದೇ ರಾತ್ರಿ ಕಾಕಾನ ಮನೆಗೆ ಹೋದೆವು. ಕಾಕು ಚಹಾ ಕೊಟ್ಟರು, ಮುಖ ಮಾತ್ರ ಕೊಡಲಿಲ್ಲ. ತಪ್ಪಾಯ್ತು ಅಂದೆವು. ಕಾಕಾ ಅಂದದ್ದು ಇಷ್ಟು:

'ಹಾಡು ಚಲೋ ಇಲ್ಲ ಅಂದ್ರ ಬ್ಯಾಸರಿಲ್ಲ ತಮ್ಮಾ. ಕೇಳಲಾರದ ಅಂದ್ರಲ್ಲ, ಅದಕ್ಕ ಬ್ಯಾಸರ ಆತು.'

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು, 'ಈಗ ಕೇಳೀರಿ. ಖರೇ ಹೇಳ್ರಿ, ಹೆಂಗೈತಿ?'

ಮೂರನೇ ನುಡಿ ಎದೆಗೆ ನಾಟಿತು, ಆದರೆ ಡಿಜೆ ಸಪ್ಪಳದಲ್ಲಿ ಮಾತು ಮುಳುಗಿವೆ, ಅಳುವ ಮಾತಿಗೆ ಕುಣಿಯುವ ತಾಳ ಕೂಡಿಲ್ಲ ಎಂದು ಅಂಜುತ್ತಲೇ ಹೇಳಿದೆವು. ಕಾಕಾ ತಲೆ ಆಡಿಸಿದರು. 'ನನಗೂ ಹಂಗ ಅನಿಸೇತಿ. ನಾ ಕಟ್ಟಿದ್ದ ರಾಗ ಬ್ಯಾರೆ ಇತ್ತು.' ಹಾರ್ಮೋನಿಯಂ ತೆಗೆದು ಆ ರಾಗದಲ್ಲಿ ಹಾಡಿ ತೋರಿಸಿದರು. ಕಾಕು ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತರು.

ಆ ಹಾಡನ್ನು ಕಾಕಾ ಸಾವಿರದ ಐನೂರು ರೂಪಾಯಿಗೆ ಬರೆದುಕೊಟ್ಟಿದ್ದರು. ಕಾಗದಪತ್ರ ಇಲ್ಲ, ಬಾಯಿಮಾತು. ವಿಡಿಯೊದ ಶೀರ್ಷಿಕೆಯಲ್ಲಿ ಹಾಡಿದವರ ಹೆಸರಿತ್ತು, ಸ್ಟುಡಿಯೊ ಹೆಸರಿತ್ತು, ಬರೆದವರದ್ದು ಇರಲಿಲ್ಲ. ರೀಲ್ಸಿಗೆ ಕತ್ತರಿಸಿದ್ದು ಬರೀ ಪಲ್ಲವಿ. ಕಡೇ ನುಡಿ ಅಲ್ಲಿಗೆ ಬರಲೇ ಇಲ್ಲ. ಬೇರೆಯವರ ಮಾತು ಯಾಕೆ? ಆಲ್ಬಮ್ ಬಿಡುಗಡೆಯ ಸುದ್ದಿಯನ್ನು ಪತ್ರಿಕೆಗೆ ಕಳಿಸಿದವರು ನಾವೇ. ಬರೆದವರು ಯಾರು ಎಂದು ನಾವೂ ಕೇಳಿರಲಿಲ್ಲ. ಡಿಪ್ಲೊಮಾ ಓದುವಾಗ ಮೊದಲ ವಾರ ಕಲಿಸಿದ್ದೇ 'ಯಾರು' ಅನ್ನೋ ಪ್ರಶ್ನೆ.

ಹಾಡು ಬರೆಯುವ ಇನ್ನೊಬ್ಬರಿಗೆ ಉಪಯೋಗ ಆದೀತೆಂದು ಒಂದು ವಿಷಯ ಹೇಳುತ್ತೇವೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿದೆ. ಹಾಡಿನ ಹಕ್ಕು ಬರೆದುಕೊಟ್ಟ ಮೇಲೂ, ಆ ಹಾಡಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಬರೆದವರಿಗೂ ರಾಗ ಹಾಕಿದವರಿಗೂ ಸಮಪಾಲು ಇದೆ. ಸಿನಿಮಾ ಹಾಡಾದರೆ ಚಿತ್ರಮಂದಿರದ ಪ್ರದರ್ಶನ ಅದರಲ್ಲಿ ಬರೋದಿಲ್ಲ. ಆ ಪಾಲು ಬೇಡ ಎಂದು ಬರೆಸಿಕೊಳ್ಳಲು ಬರೋದಿಲ್ಲ. ಆದ್ದರಿಂದ ಹಾಡು ಕೊಡುವಾಗ ಒಂದು ಹಾಳೆಯಲ್ಲಾದರೂ ಬರೆದು ಸಹಿ ಮಾಡಿಸಿಕೊಳ್ಳಿ. ಹೆಸರು ಎಲ್ಲಿ ಬರಬೇಕು ಅನ್ನೋದನ್ನೂ ಅದರಲ್ಲೇ ಬರೆಯಿರಿ.

ಆಲ್ಬಮ್ ಮಾಡಿದವರಿಗೆ ಫೋನ್ ಮಾಡಿ ಕಾಕಾನ ಹೆಸರು ಹಾಕಲು ಕೇಳಿದೆವು. ಹತ್ತು ದಿನದ ಮೇಲೆ ವಿಡಿಯೊದ ಕೆಳಗಿನ ವಿವರದಲ್ಲಿ ಹಾಕಿದರು, ಶೀರ್ಷಿಕೆಯಲ್ಲಿ ಹಾಕಲಿಲ್ಲ. ಪತ್ರಿಕೆಗೆ ತಿದ್ದುಪಡಿ ಕಳಿಸಿದೆವು, ಜಾಗ ಸಿಗಲಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ನಮ್ಮ ತಪ್ಪನ್ನು ನಮ್ಮ ದನಿಯಲ್ಲೇ ಹೇಳಿದೆವು. ಆ ಮೆಸೇಜಿಗೆ ನಗುವ ಮುಖಗಳು ಬರಲಿಲ್ಲ.

ತೀರ್ಪು ಕೊಡೋದನ್ನು ನಾವು ಬಿಟ್ಟಿಲ್ಲ. ಈಗಲೂ ಹೊಸ ಆಲ್ಬಮ್ ಬಂದರೆ ಕಟ್ಟೆ ಮೇಲೆ ಜಗಳ ಇದ್ದದ್ದೇ. ಚಲೋ ಇಲ್ಲದ್ದನ್ನು ಚಲೋ ಇಲ್ಲ ಅಂತಲೇ ಅನ್ನುತ್ತೇವೆ. ಆದರೆ ಮೊಬೈಲ್ ಅಂಗಡಿ ಗೆಳೆಯ ಒಂದು ಕಟ್ಟಳೆ ಹಾಕಿದ್ದಾನೆ. ಕಡೇ ನುಡಿ ಮುಗಿಯುವ ತನಕ ಯಾರೂ ಬಾಯಿ ತೆಗೆಯಬಾರದು. ಮಾತಾಡುವವನು ಮೊದಲು ಬರೆದವರ ಹೆಸರು ಹೇಳಬೇಕು, ಆಮೇಲೆ ಅಭಿಪ್ರಾಯ. ಹೆಸರು ಗೊತ್ತಿಲ್ಲದಿದ್ದರೆ ಅವತ್ತಿನ ಚಹಾ ಅವನದ್ದು. ಶುರುವಿನಲ್ಲಿ ಹೆಚ್ಚು ಚಹಾ ಕೊಡಿಸಿದವರು ನಾವೇ, ಸುದ್ದಿ ಬರೆಯುವವರು.

ಇದನ್ನು ಬರೆಯುವ ಮುಂಚೆ ಕಾಕಾನ ಹತ್ತಿರ ಹೋಗಿ, ನಿಮ್ಮ ಹೆಸರು ಹಾಕಲೇನು ಎಂದು ಕೇಳಿದೆವು. ಬೇಡ ಅಂದರು.

'ಹೆಸರು ಹಾಡಿನಾಗ ಐತೆಲ್ಲ ತಮ್ಮಾ. ಕೇಳಿದವ್ರಿಗೆ ಸಿಗತೈತಿ.'