ಗಡಿಯಾರವಿಲ್ಲದ ಆಟದ ಊರು

ದಕ್ಷಿಣ ಕೊರಿಯದ ರಾಜಧಾನಿ ಸೋಲ್. ಅದರ ನಡುಭಾಗ ಜೊಂಗ್ನೊದಲ್ಲಿರುವ ಲೋಲ್ ಪಾರ್ಕ್‌ಗೆ ಜನ ಟಿಕೆಟ್ ಕೊಂಡು ಬರುವುದು ‘ಲೀಗ್ ಆಫ್ ಲೆಜೆಂಡ್ಸ್’ ಎಂಬ ಕಂಪ್ಯೂಟರ್ ಆಟ ನೋಡಲು. ಎದುರಾಳಿಯ ಕೇಂದ್ರ ನೆಲೆ ಉರುಳಿದಾಗಲೇ ಆಟ ಮುಗಿಯುವುದು. ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಕೊರಿಯ ಲೀಗಿನ 2018ರ ಒಂದು ಆಟ 94 ನಿಮಿಷ ನಡೆದಿತ್ತು.

ಈ ಅನಿಶ್ಚಿತತೆಯೇ ಈಗ ಮುನ್ಸೂಚನೆಯ ಪೇಟೆಯಲ್ಲಿ ಸರಕು. ಆಟ 32 ನಿಮಿಷ ದಾಟಿದರೆ 1 ಡಾಲರ್, ಇಲ್ಲವಾದರೆ ಸೊನ್ನೆ ಕೊಡುವ ಚೀಟಿ 60 ಸೆಂಟ್‌ಗೆ ಮಾರಾಟವಾದರೆ, ದಾಟುವ ಸಂಭವ ಶೇ 60 ಎಂಬುದು ಪೇಟೆಯ ಅಂದಾಜು. ಲೆಕ್ಕ ಸೊಗಸಾಗಿದೆ. ಆದರೆ ಮಳೆಗೆ ಬಾಜಿ ಕಟ್ಟಿದವನು ಮೋಡವನ್ನು ಕೊಳ್ಳಲಾರ, ಆಟಗಾರನನ್ನು ಕೊಳ್ಳಬಲ್ಲ. 2010ರ ‘ಸ್ಟಾರ್‌ಕ್ರಾಫ್ಟ್’ ಬಾಜಿ ಹಗರಣದಲ್ಲಿ ಕೊರಿಯ 11 ಆಟಗಾರರಿಗೆ ಆಜೀವ ನಿಷೇಧ ಹೇರಿತು. ಸೋಲುವುದಕ್ಕಿಂತ ನಾಲ್ಕು ನಿಮಿಷ ಎಳೆಯುವುದು ಇನ್ನೂ ಸುಲಭ. ನಮ್ಮ 2025ರ ಕಾಯ್ದೆ ಇ-ಕ್ರೀಡೆಯನ್ನು ಮಾನ್ಯಮಾಡಿ, ಹಣದ ಆಟವನ್ನು ನಿಷೇಧಿಸಿದೆ. ಸಂಭವನೀಯತೆಯನ್ನು ಮಕ್ಕಳು ನೋಟ್‌ಬುಕ್ಕಿನಲ್ಲೇ ಕಲಿಯಲಿ.