ಗ್ಯಾಸ್ ಮುಗಿದಿರಲಿಲ್ಲ

ಕಾರವಾರದ ಮೇ ತಿಂಗಳ ಸೆಕೆ ಅನುಭವಿಸಿದವರಿಗೇ ಗೊತ್ತು. ಬಿಸಿಲಿಗಿಂತ ಗಾಳಿಯಲ್ಲಿನ ತೇವವೇ ಹೆಚ್ಚು ಕಾಡುತ್ತದೆ. ಬೆವರು ಇಳಿಯುತ್ತದೆ, ಆದರೆ ಒಣಗುವುದಿಲ್ಲ. ಬೆವರು ಒಣಗಿದರೆ ತಾನೇ ಮೈ ತಂಪಾಗುವುದು?

ಅಂಥದೊಂದು ಮಧ್ಯಾಹ್ನ ನಾವು ಅಂಕೋಲೆಗೆ ಹೊರಟೆವು. ಕರಿ ಇಶಾಡು ಮಾವು ಹಣ್ಣಾಗಿದೆ, ಬನ್ನಿ ಎಂದು ತಂಗಿಯ ಫೋನು ಬಂದಿತ್ತು. ಕಾರು ನಡೆಸುತ್ತಿದ್ದವನು ನಾನು. ಪಕ್ಕದಲ್ಲಿ ಏಳನೇ ತರಗತಿಗೆ ಹೋಗಲಿದ್ದ ಮೊಮ್ಮಗಳು, ಹಿಂದಿನ ಸೀಟಿನಲ್ಲಿ 86 ವರ್ಷದ ನನ್ನ ಆಯಿ.

ಬಿಣಗಾ, ಅರ್ಗಾ, ಅಮದಳ್ಳಿ ದಾಟುವವರೆಗೆ ಕಾರಿನೊಳಗೆ ಹಾಯಾಗಿತ್ತು. ಅವರ್ಸಾದ ಹತ್ತಿರ ಎದುರಿಗೊಂದು ಲಾರಿ ಅಡ್ಡ ನಿಂತು ನಾವೂ ನಿಲ್ಲಬೇಕಾಯಿತು. ಎರಡೇ ನಿಮಿಷದಲ್ಲಿ ಏಸಿಯಿಂದ ಬಿಸಿಗಾಳಿ ಬರತೊಡಗಿತು.

"ಗ್ಯಾಸ್ ಮುಗಿದಿರಬೇಕು" ಎಂದೆ. ಏಸಿ ಕೈಕೊಟ್ಟರೆ ಎಲ್ಲರೂ ಹೇಳುವ ಮಾತು ಅದೇ.

"ಗ್ಯಾಸ್ ಮುಗಿಯುವುದಕ್ಕೆ ಅದು ಪೆಟ್ರೋಲಿನ ಹಾಗೆ ಉರಿಯುತ್ತದಾ ಅಜ್ಜ?" ಎಂದು ಮೊಮ್ಮಗಳು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಲಾರಿ ಸರಿಯಿತು, ಕಾರು ಓಡತೊಡಗಿತು, ತಂಪುಗಾಳಿಯೂ ಮರಳಿತು. "ನೋಡು, ತಾನೇ ಸರಿಹೋಯಿತು!" ಎಂದೆ. ಹಟ್ಟಿಕೇರಿ ಟೋಲ್ ಬಳಿ ಉದ್ದ ಸಾಲಿತ್ತು. ಅಲ್ಲಿ ಮತ್ತೆ ಬಿಸಿಗಾಳಿ. ಕಿಟಕಿ ಇಳಿಸುತ್ತೇನೆಂದಳು ಮೊಮ್ಮಗಳು. ಈಗ ತಂಪು ಬಂದೀತು, ಇರಲಿ ಎಂದು ನಾನು ಬಿಡಲಿಲ್ಲ. ಅದು ನಾನು ಮಾಡಿದ ದೊಡ್ಡ ತಪ್ಪು.

ಟೋಲ್ ದಾಟುತ್ತಿದ್ದಂತೆ ಹಿಂದಿನಿಂದ ಆಯಿಯ ಕ್ಷೀಣ ದನಿ: "ತಮಾ, ತಲೆ ಸುತ್ತುತ್ತಿದೆ." ತಿರುಗಿ ನೋಡಿದರೆ ಮುಖ ಬಾಡಿಹೋಗಿತ್ತು. ನನ್ನ ಎದೆ ಧಸಕ್ಕೆಂದಿತು.

ಮರದ ನೆರಳು ಕಂಡಲ್ಲಿ ನಿಲ್ಲಿಸಿ ಆಯಿಯನ್ನು ಇಳಿಸಿದೆವು. ಮೊಮ್ಮಗಳು ಟವೆಲ್ ಒದ್ದೆ ಮಾಡಿ ಕುತ್ತಿಗೆ, ಕೈಗಳನ್ನು ಒರೆಸಿದಳು, ಪತ್ರಿಕೆಯಿಂದ ಗಾಳಿ ಬೀಸಿದಳು. ನಾನು ಗುಟುಕು ಗುಟುಕಾಗಿ ನೀರು ಕುಡಿಸಿದೆ. ಹದಿನೈದು ನಿಮಿಷ ಕಳೆಯಿತು. ಆಯಿ ಕಣ್ಣರಳಿಸಿ, "ಮಾವಿನಹಣ್ಣು ನಾಳೆ ತಿಂದರಾಗುತ್ತಿರಲಿಲ್ಲವೇ?" ಎಂದಾಗ ನನಗೆ ಜೀವ ಬಂತು. ವಯಸ್ಸಾದವರಿಗೆ, ಎಳೆಮಕ್ಕಳಿಗೆ ಸೆಕೆಯ ಪೆಟ್ಟು ಬೇಗ ತಗಲುತ್ತದೆ. ಮೊದಲು ಮನುಷ್ಯರು, ಆಮೇಲೆ ಯಂತ್ರ.

ಮೊಮ್ಮಗಳು ಆಗ ಹೇಳಿದಳು: "ಅಜ್ಜ, ಕಾರು ನಿಂತಾಗ ಮಾತ್ರ ಬಿಸಿ, ಓಡುವಾಗ ತಂಪು. ಎರಡು ಸಲವೂ ಹಾಗೇ ಆಯಿತು." ನಾನು ಇದನ್ನು ಗಮನಿಸಿಯೇ ಇರಲಿಲ್ಲ.

ಏಸಿ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ಇಳಿಸಿ, ಎಂಜಿನ್ ಬಿಸಿ ತೋರಿಸುವ ಮುಳ್ಳಿನ ಮೇಲೊಂದು ಕಣ್ಣಿಟ್ಟು ಅಂಕೋಲೆ ತಲುಪಿದೆವು. ಆಯಿಯನ್ನು ತಂಗಿಯ ಮನೆಯಲ್ಲಿ ಬಿಟ್ಟು ಗ್ಯಾರೇಜಿಗೆ ಹೋದೆವು. ನಾನು "ಗ್ಯಾಸ್..." ಎನ್ನುವಷ್ಟರಲ್ಲಿ ಮೊಮ್ಮಗಳು ತಾನು ಕಂಡದ್ದನ್ನು ಹೇಳಿದಳು. ಮೆಕ್ಯಾನಿಕ್ ನಕ್ಕು, "ಅರ್ಧ ಕೆಲಸ ನೀನೇ ಮಾಡಿದೆ" ಎಂದರು.

ಅವರು ವಿವರಿಸಿದ್ದು ಹೀಗೆ. ಚುಚ್ಚುಮದ್ದಿಗೆ ಮೊದಲು ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದಲ್ಲ? ಸ್ಪಿರಿಟ್ ಆವಿಯಾಗುವಾಗ ಚರ್ಮದ ಶಾಖವನ್ನು ಎಳೆದುಕೊಳ್ಳುತ್ತದೆ. ಏಸಿಯ ಗ್ಯಾಸ್ ಕೂಡ ದ್ರವದಿಂದ ಆವಿಯಾಗುತ್ತಾ ಕಾರಿನೊಳಗಿನ ಶಾಖ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ, ಕಾರಿನ ಮುಂಭಾಗದ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಶಾಖವನ್ನು ಹೊರಗೆ ಬಿಟ್ಟು ಅದು ಮತ್ತೆ ದ್ರವವಾಗುತ್ತದೆ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ, ಉರಿದು ಮುಗಿಯುವುದಿಲ್ಲ. ಕಡಿಮೆಯಾದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಕಾರು ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಬಾನೆಟ್ ತೆರೆದು, ಏಸಿ ಹಾಕಿ ನೋಡಿದರೆ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಮೊಮ್ಮಗಳು ಕೈಚಾಚಿದಾಗ ಮೆಕ್ಯಾನಿಕ್ ಗದರಿದರು: "ಮುಟ್ಟಬೇಡ, ಅದು ಯಾವಾಗ ಬೇಕಾದರೂ ತಿರುಗೀತು!"

ಫ್ಯೂಸ್ ನೋಡಿದರು, ಸರಿಯಿತ್ತು. ಫ್ಯಾನಿಗೆ ವಿದ್ಯುತ್ ಹರಿಸುವ ರಿಲೇ ಎಂಬ ಪುಟ್ಟ ಡಬ್ಬಿಯನ್ನು ಕಿತ್ತು, ಅದೇ ನಮೂನೆಯ ಹಾರ್ನಿನ ರಿಲೇಯನ್ನು ಆ ಜಾಗದಲ್ಲಿ ಹಾಕಿದರು. ಫ್ಯಾನ್ ಗಿರ್ರೆಂದು ತಿರುಗಿತು! ಹಾರ್ನ್ ಮಾತ್ರ ಮೂಕವಾಯಿತು. ರೋಗ ಸಿಕ್ಕಿತ್ತು. ಹೊಸ ರಿಲೇ ತಂದು ಹಾಕಿದ ಮೇಲೆ ಎರಡೂ ಸರಿಯಾದವು. ಗ್ಯಾಸಿನ ತಂಟೆಗೇ ಹೋಗಬೇಕಾಗಲಿಲ್ಲ.

ಸಂಜೆ ಜಗುಲಿಯಲ್ಲಿ ಆಯಿ ಇಶಾಡಿನ ಹೋಳು ತಿನ್ನುತ್ತಾ ಕೂತಿದ್ದಳು. "ಕಿಟಕಿ ಇಳಿಸಲು ಬಿಡದೆ ತಪ್ಪು ಮಾಡಿದೆ ಆಯಿ" ಎಂದೆ. ಆಯಿ ಮೊಮ್ಮಗಳ ತಟ್ಟೆಗೆ ತನ್ನ ಪಾಲಿನ ಒಂದು ಹೋಳು ಹಾಕಿ, "ಇನ್ನು ಮುಂದೆ ಇವಳ ಮಾತು ಕೇಳು" ಎಂದಳು.

ಅಂದಿನಿಂದ ಮನೆಯಲ್ಲಿ ಏನೇ ಕೆಟ್ಟರೂ ನಾನು ತಕ್ಷಣ ಕಾರಣ ಹೇಳುವುದಿಲ್ಲ. ಯಾವಾಗ ಕೆಡುತ್ತದೆ, ಯಾವಾಗ ಸರಿಯಿರುತ್ತದೆ ಎಂದು ಮೊದಲು ಮೊಮ್ಮಗಳನ್ನು ಕೇಳುತ್ತೇನೆ.