ಪರ್ಮಿಷನ್ ಹುಡುಕುವ ಸುಖ

ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ ನನಗೆ ಬಲು ಇಷ್ಟವಾದದ್ದು ಪರ್ಮಿಷನ್ ತೊಡಕು ಬಿಡಿಸುವುದು. "ಸಾರ್, ಲಾಗಿನ್ ಆಗ್ತದೆ, ಆದ್ರೆ ಡೆಸ್ಕ್‌ಟಾಪ್ ಖಾಲಿ. ನನ್ನ ಫೈಲೆಲ್ಲ ಹೋಯ್ತು!" ಎಂದು ಯಾರಾದರೂ ಗಾಬರಿಯಿಂದ ಫೋನ್ ಮಾಡಿದರೆ ನನ್ನ ಮೈಮನ ಚುರುಕಾಗುತ್ತದೆ. ಸಾಮಾನ್ಯವಾಗಿ ಫೈಲುಗಳು ಸರ್ವರ್‌ನಲ್ಲಿ ಹಾಗೇ ಇರುತ್ತವೆ. ಅವುಗಳನ್ನು ಮುಟ್ಟುವ ಅನುಮತಿ ಮಾತ್ರ ಎಲ್ಲೋ ತಪ್ಪಿರುತ್ತದೆ.

ವಿಂಡೋಸ್‌ನ ರೋಮಿಂಗ್ ಪ್ರೊಫೈಲ್ ಇದ್ದರೆ ಆಫೀಸಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ನಮ್ಮದೇ ಡೆಸ್ಕ್‌ಟಾಪ್ ಬರುತ್ತದೆ. ಲಾಗಿನ್ ಆದಾಗ ಪ್ರೊಫೈಲ್ ಸರ್ವರ್‌ನಿಂದ ಇಳಿಯುತ್ತದೆ, ಲಾಗ್ ಆಫ್ ಆದಾಗ ಮರಳಿ ಏರುತ್ತದೆ. ದಾರಿಯಲ್ಲಿ ಎರಡು ತಪಾಸಣೆ: ಒಂದು ಶೇರ್ ಪರ್ಮಿಷನ್, ಇನ್ನೊಂದು ಫೋಲ್ಡರಿನ ಎನ್‌ಟಿಎಫ್‌ಎಸ್ ಪರ್ಮಿಷನ್. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ನನಗೆ ಅತಿ ರುಚಿಸುವುದು, ಅಳಿಸಿದ ಅಕೌಂಟನ್ನು ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದಾಗಿನ ಪ್ರಕರಣ. ನಮಗೆ ಆಳು ಅದೇ, ಹೆಸರೂ ಅದೇ. ವಿಂಡೋಸ್ ಗುರುತಿಸುವುದು ಮಾತ್ರ ಎಸ್‌ಐಡಿ ಎಂಬ ಸಂಖ್ಯೆಯನ್ನು. ಹೊಸ ಅಕೌಂಟಿಗೆ ಅದು ಹೊಸದು. ಫೋಲ್ಡರಿನ ಸೆಕ್ಯುರಿಟಿ ಟ್ಯಾಬ್ ತೆರೆದರೆ ಹೆಸರಿನ ಜಾಗದಲ್ಲಿ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಅಂಕಿ ಕಾಣುತ್ತದೆ. ಅಳಿದುಹೋದ ಅಕೌಂಟಿನ ಗುರುತು ಅದು. ಇವೆಂಟ್ ವ್ಯೂವರ್‌ನಲ್ಲಿ 1521 ಎಂಬ ಇವೆಂಟ್ ಸಂಖ್ಯೆ ಇದ್ದು, ಜೊತೆಗೆ 'ಆಕ್ಸೆಸ್ ಈಸ್ ಡಿನೈಡ್' ಎಂದಿರುತ್ತದೆ. ಹೊಸ ಅಕೌಂಟಿಗೆ ಫೋಲ್ಡರಿನ ಮೇಲೆ ಫುಲ್ ಕಂಟ್ರೋಲ್ ಕೊಟ್ಟಮೇಲೂ ಪ್ರೊಫೈಲ್ ಬರದೆ 1526 ಕಾಣಿಸಿದರೆ, ತಕರಾರು ಒಡೆತನದ್ದು: ಫೋಲ್ಡರಿನ ಓನರ್ ಆ ಬಳಕೆದಾರ ಇಲ್ಲವೇ ಅಡ್ಮಿನಿಸ್ಟ್ರೇಟರ್ಸ್ ಗುಂಪು ಆಗಿರಲೇಬೇಕು. ಅದನ್ನೂ ಸರಿಪಡಿಸಿದ ಮೇಲೆ ಎನ್‌ಟಿಯೂಸರ್ ಡಾಟ್ ಡ್ಯಾಟ್ ಫೈಲ್ ಉಳಿಯುತ್ತದೆ. ಅದರೊಳಗಿನ ರಿಜಿಸ್ಟ್ರಿಗೆ ತನ್ನದೇ ಪರ್ಮಿಷನ್ ಪಟ್ಟಿ ಇದೆ. ರೆಜ್‌ಎಡಿಟ್‌ನಲ್ಲಿ ಲೋಡ್ ಹೈವ್ ಮಾಡಿ, ಅಲ್ಲೂ ಹೊಸ ಅಕೌಂಟಿಗೆ ಹಕ್ಕು ಕೊಟ್ಟು, ಮರೆಯದೆ ಅನ್‌ಲೋಡ್ ಮಾಡಬೇಕು. ಆಮೇಲೆ ಲಾಗಿನ್ ಆದರೆ ಹಳೆಯ ವಾಲ್‌ಪೇಪರ್ ಸಮೇತ ಡೆಸ್ಕ್‌ಟಾಪ್ ಬಂದು ನಿಲ್ಲುತ್ತದೆ. ಎದುರಿನವರ ಮುಖ ಅರಳುವುದನ್ನು ನೋಡುವುದೇ ಒಂದು ಹಬ್ಬ.

ಈ ಕೆಲಸ ಹಿಡಿಸುವುದು ಯಾಕೆಂದರೆ, ಇಲ್ಲಿ ಕಾರಣವಿಲ್ಲದೆ ನಿರಾಕರಣೆಯಿಲ್ಲ. ಗುಂಪಿಗೆ ಈಗಷ್ಟೇ ಸೇರಿಸಿದವರಿಗೆ ಫೋಲ್ಡರ್ ತೆರೆಯದಿದ್ದರೆ ಅದಕ್ಕೂ ಕಾರಣವುಂಟು: ಗುಂಪುಗಳ ಪಟ್ಟಿ ಬಳಕೆದಾರರ ಗುರುತುಚೀಟಿಯಂಥ ಟೋಕನ್ನಿಗೆ ಸೇರುವುದು ಲಾಗಿನ್ ಹೊತ್ತಿನಲ್ಲಿ. ಒಮ್ಮೆ ಲಾಗ್ ಆಫ್ ಮಾಡಿ ಬಂದರೆ ಸಾಕು.

ಸರ್ವರ್ ನೋಡಿಕೊಳ್ಳುವ ಗೆಳೆಯರಲ್ಲಿ ಒಂದು ಕೋರಿಕೆ. ಅವಸರದಲ್ಲಿ ಫೋಲ್ಡರಿಗೆ 'ಎವ್ರಿವನ್, ಫುಲ್ ಕಂಟ್ರೋಲ್' ಹಾಕಿ ಕೈತೊಳೆದುಕೊಳ್ಳಬೇಡಿ. ಒಬ್ಬರ ಖಾಸಗಿ ಕಡತಗಳು ಊರವರಿಗೆಲ್ಲ ತೆರೆದುಕೊಳ್ಳುತ್ತವೆ. ತಪ್ಪಿರುವ ಆ ಒಂದು ಅನುಮತಿಯನ್ನು ಹುಡುಕಿ, ಬೇಕಾದವರಿಗೆ ಬೇಕಾದಷ್ಟೇ ಕೊಡಿ.